ಒಳಬರುವುದು ಮಾತ್ರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದಾಟಿದರೆ
ಎಡಕ್ಕೆ ಇನಾಯತ್ ಸಾಬರ ಅಂಗಡಿ:
ಜೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಸೈಜಿನ ಮುಖಗಳು,
ಮೂಲೆಯಲ್ಲಿ ಗಾಜಿನ ಹಿಂದೆ ನಾನು,
ಹೊರದೇಶದ ದುಡ್ಡು ಎಣಿಸಿ ಕೊಡುವವನು.

ಒಳಗೆ ಬಂದವರು ನಮಸ್ಕಾರದ ಬದಲು ಕೇಳುತ್ತಾರೆ,
ದಿನಾರಿಗೆ ಇವತ್ತೆಷ್ಟು?
ನಾಲ್ಕಾಣೆ ಏರಿದ್ದರೆ ಟೀ ಹೇಳುತ್ತಾರೆ,
ಇಳಿದಿದ್ದರೆ ನಾನೇ ಇಳಿಸಿದೆನೆಂಬಂತೆ ನೋಡುತ್ತಾರೆ.

ಕಾರಣ ಅನ್ನುವ ಕಡೆ ಕಂಪ್ಯೂಟರು ತಾನೇ ತುಂಬುತ್ತದೆ:
ಕುಟುಂಬ ನಿರ್ವಹಣೆ.
ತಂಗಿಯ ಬಿ.ಎಡ್ ಫೀಸು, ಮಾವನ ಡಯಾಲಿಸಿಸ್ಸು,
ತಮ್ಮ ಕುಡಿದು ಗುದ್ದಿ ನುಗ್ಗು ಮಾಡಿದ ಯಾರದೋ ಸ್ಕೂಟರು,
ಮನೆ ಮೇಲೊಂದು ಮನೆ, ಅದಕ್ಕೆ ಹೊಡೆದ ನೀಲಿ ಬಣ್ಣ,
ಎಲ್ಲವೂ ಆ ಎರಡು ಪದದೊಳಗೆ
ಮೊಣಕಾಲು ಮಡಚಿಕೊಂಡು ಕೂತಿವೆ.

ಪಿಳ್ಳಮುನಿಯಮ್ಮ ಬರುವುದು ಹತ್ತನೇ ತಾರೀಕು.
ಚಪ್ಪಲಿ ಹೊರಗೇ ಬಿಟ್ಟು ಬರುತ್ತಾಳೆ, ಬೇಡವೆಂದರೂ ಕೇಳಳು.
ಮಗಳು ಸುಗುಣ ಏಳು ವರ್ಷದಿಂದ ಕುವೈತಿನಲ್ಲಿ
ಒಬ್ಬ ಮುದುಕಿಗೆ ಸ್ನಾನ ಮಾಡಿಸುತ್ತಾಳೆ, ಉಣ್ಣಿಸುತ್ತಾಳೆ,
ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುತ್ತಾಳೆ.
ಇಲ್ಲಿ ತಾಯಿ ನೂಲು ಬಿಚ್ಚುವ ಒಲೆಯ ಮುಂದೆ
ಕುದಿನೀರಲ್ಲಿ ಕೈ ಅದ್ದಿ ಗೂಡಿನ ಎಳೆ ಹುಡುಕುತ್ತಾಳೆ.
ಬೆರಳುಗಳು ಸದಾ ನೆಂದು ಬೆಳ್ಳಗೆ.
ಹೆಬ್ಬೆಟ್ಟಿನ ಗೆರೆಗಳು ಯಾವತ್ತೋ ಬೆಂದುಹೋಗಿವೆ.
ಯಂತ್ರ ಅವಳನ್ನು ನಂಬುವುದಿಲ್ಲ,
ಇನ್ನೊಮ್ಮೆ ಪ್ರಯತ್ನಿಸಿ, ಅನ್ನುತ್ತದೆ.
ತಿಂಗಳು ತಿಂಗಳೂ ಹೇಳುತ್ತೇನೆ: ಕೂದಲಿಗೆ ಒರೆಸಿಕೊಳ್ಳಮ್ಮ,
ಎಣ್ಣೆ ಜಿಡ್ಡಿಗೆ ಹಿಡಿಯುತ್ತೆ.

ಹೋದ ತಿಂಗಳು ಮಾತ್ರ ಇಪ್ಪತ್ಮೂರಕ್ಕೆ ಮತ್ತೆ ಬಂದಳು.
ಸೆರಗಿನ ಗಂಟು ಬಿಚ್ಚಿದಳು. ಹುಳದ ವಾಸನೆಯ ನೋಟುಗಳು,
ಸಾವಿರದ ನಾನೂರು.
"ಇದನ್ನ ಅವಳಿಗೆ ಹಾಕ್ಬುಡಪ್ಪ."

ಆಗಲ್ಲಮ್ಮ, ನಮ್ಮಲ್ಲಿ ಒಳಬರೋದು ಮಾತ್ರ.
"ಬಂದ ದಾರೀಲೇ ಹೋಗಾಕಾಗಲ್ವಾ?"

ಮೊನ್ನೆ ವಿಡಿಯೋ ಕಾಲಿನಲ್ಲಿ
ಸುಗುಣಳ ಕೈಯಿಂದ ಫೋನು ಜಾರಿತಂತೆ.
ಒಂದು ಗಳಿಗೆ ನೆಲ ಕಂಡಿತಂತೆ, ಮುಖ ಕಾಣುವಷ್ಟು ಥಳಥಳ,
ಅದರ ಮೇಲೆ ಮಗಳ ಪಾದ,
ಕಿತ್ತ ಚಪ್ಪಲಿಯ ಬಾರಿಗೆ ಚುಚ್ಚಿದ ಸೇಫ್ಟಿಪಿನ್ನು.
ಫೋನು ಎತ್ತಿಕೊಂಡವಳು ಅದೇ ಮಾತನ್ನು ಮುಂದುವರಿಸಿದಳು,
ಇವಳೂ ಕೇಳಲಿಲ್ಲ.
"ನಡೆಯೋವಾಗ ಬಿಚ್ಕೊಂಡು ಚುಚ್ಚಲ್ವೇನಪ್ಪಾ?"

ಪರದೆ ಕಡೆ ತಿರುಗಿ ಏನೋ ಹುಡುಕುವಂತೆ ಮಾಡಿದೆ.
ಮಗಳ ಚಪ್ಪಲಿ ಅನ್ನುವ ಕಾರಣ ಪಟ್ಟಿಯಲ್ಲಿರಲಿಲ್ಲ.
ಇದ್ದಿದ್ದರೂ
ಈ ಬಾಗಿಲು ಒಳಮುಖಕ್ಕಷ್ಟೇ ತೆರೆಯುವುದು.

"ಅಂಗಾದ್ರೆ ಬುಡು, ಫೋನ್ ಮಾಡಿ ಹೇಳ್ತೀನಿ,
ಬರೋ ತಿಂಗಳು ಅಷ್ಟು ಕಮ್ಮಿ ಕಳಿಸು ಅಂತ.
ಅಲ್ಲೇ ಉಳೀತಲ್ಲ."
ಮೂರು ವರ್ಷ ಬಿ.ಕಾಂ ಓದಿದವನು ನಾನು,
ಇಷ್ಟು ಚೊಕ್ಕ ಲೆಕ್ಕ ಕಂಡಿರಲಿಲ್ಲ.
ನೋಟು ಮತ್ತೆ ಗಂಟಾಯಿತು. ಹೋದಳು.

ಇವತ್ತು ಹತ್ತು. ನಂಬರು ಒತ್ತಿದೆ.
ಕಮ್ಮಿ ಇಲ್ಲ. ಎರಡು ಸಾವಿರ ಜಾಸ್ತಿ.

"ಕಮ್ಮಿ ಕಳಿಸು ಅಂತ ಯಾರಾದ್ರೂ ಅಂತಾರೇನಮ್ಮಾ?
ಏನೋ ಮುಚ್ಚಿಡ್ತಾ ಇದ್ದೀಯ,
ಮೊದಲು ಆಸ್ಪತ್ರೆಗೆ ತೋರಿಸ್ಕೋ," ಅಂದಳಂತೆ.
ಇವಳ ಬಾಯಿಗೆ ಚಪ್ಪಲಿ ಅನ್ನುವ ಮಾತು ಬರುವಷ್ಟರಲ್ಲಿ
ಆ ಕಡೆ ಮುದುಕಿ ಕೂಗಿತಂತೆ, ಫೋನು ಕಟ್ಟಾಯಿತಂತೆ.

"ಮುಂಡೇದು, ಥೇಟ್ ಅವರಪ್ಪನ್ ತರಾನೇ," ಅಂದಳು ಪಿಳ್ಳಮುನಿಯಮ್ಮ,
ನೋಟಿನ ಕಂತೆಯನ್ನು ಗಾಜಿನಾಚೆಯಿಂದಲೇ ನೋಡುತ್ತ.
ಹೆಚ್ಚಿನ ಎರಡು ಸಾವಿರ ಯಾವುದು ಎಂದು
ನೋಟಿನ ಮುಖದಲ್ಲಿ ಬರೆದಿರುವುದಿಲ್ಲ.

ಹೆಬ್ಬೆಟ್ಟು ಇಟ್ಟಳು. ಕೆಂಪು.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ನಾನು ಬಾಯಿ ತೆರೆಯುವ ಮೊದಲೇ
ಬೈತಲೆಗೆ ಕೈ ಒಯ್ದಳು.